ನಲವತ್ತೆರಡು ಜನರ ಪರೀಕ್ಷೆ ಬರೆದ ಟೀ ಅಕ್ಕ

ಆ ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಟೀ ಕೊಟ್ಟರೂ ಟೀ ಅಕ್ಕ ಅಲ್ಲಿ ಒಂದು ನೋಟನ್ನೂ ಕಣ್ಣಾರೆ ಕಂಡವಳಲ್ಲ. ಸೇರಿದ ಹೊಸದರಲ್ಲಿ ಅವಳ ಗಂಡ ದಿನವೂ ಬಾಗಿಲಲ್ಲೇ ಕೇಳುತ್ತಿದ್ದ.

"ಏನೇ, ಇವತ್ತಾದರೂ ದುಡ್ಡು ಕಾಣಿಸಿತಾ?"

"ಎಲ್ಲಿ ಬಂತು! ಚಿಲ್ಲರೆ ಬಿದ್ದ ಸದ್ದೂ ಇಲ್ಲ."

"ಮತ್ತೆ ಅಷ್ಟು ಜನ ಬೆಳಗಿಂದ ಏನು ಮಾಡ್ತಾರೆ?"

"ಮಾತಾಡ್ತಾರೆ."

"ಯಾರ ಹತ್ತಿರ?"

"ಅದೇ ಬ್ಯಾಂಕಿನ ಇನ್ನೊಂದು ಕಡೆಯವರ ಹತ್ತಿರ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅರವತ್ತು ದೇಶಗಳಲ್ಲಿ ಕಚೇರಿ ಇದ್ದ ಬ್ಯಾಂಕು ಅದು. ಈ ಊರಿನ ಕಚೇರಿ ಏಳನೇ ಮಹಡಿಯಲ್ಲಿತ್ತು. ಲಿಫ್ಟ್ ಬಾಗಿಲು ತೆರೆದ ಕೂಡಲೇ ಎದುರು ಗೋಡೆಯ ಮೇಲೆ ಸಾಲಾಗಿ ನಾಲ್ಕು ಗಡಿಯಾರ. ನಾಲ್ಕೂ ನಾಲ್ಕು ಪರದೇಶದ ಊರಿನ ಹೊತ್ತು ತೋರಿಸುತ್ತಿದ್ದವು, ಈ ಊರಿನ ಹೊತ್ತು ಯಾವುದರಲ್ಲೂ ಇಲ್ಲ. ಮೂರನೆಯದು ನಿಂತು ಎರಡು ವರ್ಷವಾಗಿತ್ತು. ಆದರೂ ಅಧಿಕಾರಿಗಳು ಅದನ್ನು ನೋಡಿ, "ಅಯ್ಯೋ, ಅವರಿನ್ನೂ ಎದ್ದಿರಲ್ಲ, ಆಮೇಲೆ ಫೋನ್ ಮಾಡೋಣ" ಎಂದು ಹೋಗಿ ಕೂರುತ್ತಿದ್ದರು. ಹೀಗೆ ಎರಡು ವರ್ಷದಿಂದ ಆ ಊರಿನವರು ಏಳಲೇ ಇಲ್ಲ.

ಒಳಗೆ ಎಲ್ಲ ಗಾಜಿನ ಕೋಣೆಗಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು ಮೊದಲ ಅರ್ಧ ಗಂಟೆ "ನನ್ನ ಮಾತು ಕೇಳಿಸ್ತಿದೆಯಾ?" ಎಂದು ಕೇಳುವರು. ಕೊನೆಯ ಅರ್ಧ ಗಂಟೆ ಮುಂದಿನ ಮೀಟಿಂಗ್ ಯಾವತ್ತು ಅಂತ ಗೊತ್ತು ಮಾಡುವರು. ನಡುವೆ ಟೀ ಬರುತ್ತಿತ್ತು. ಇಡೀ ಮಹಡಿಯಲ್ಲಿ ಹೇಳಿದ ಹೊತ್ತಿಗೆ ಬರುತ್ತಿದ್ದದ್ದು ಅದೊಂದೇ.

ನಲವತ್ತೆರಡು ಜನ ಇದ್ದರು. ಯಾರಿಗೆ ಸಕ್ಕರೆ ಬೇಕು, ಯಾರಿಗೆ ಬೇಡ, ಯಾರು ಹೆಂಡತಿ ಫೋನ್ ಮಾಡಿದ ದಿನ ಮಾತ್ರ ಎರಡು ಚಮಚ ಹಾಕಿಸಿಕೊಳ್ಳುತ್ತಾರೆ, ಎಲ್ಲವೂ ಟೀ ಅಕ್ಕನ ತಲೆಯಲ್ಲಿತ್ತು. ಒಬ್ಬರ ಲೋಟ ಇನ್ನೊಬ್ಬರಿಗೆ ಕೊಟ್ಟವಳಲ್ಲ.

ಬ್ಯಾಂಕಿನವರ ಕೊರಳಲ್ಲಿ ನೀಲಿ ಪಟ್ಟಿಯ ಕಾರ್ಡು, ಗುತ್ತಿಗೆಯವರ ಕೊರಳಲ್ಲಿ ಹಳದಿ ಪಟ್ಟಿಯದು. ಟೀ ಅಕ್ಕನದು ಹಳದಿ. ಹಳದಿಯವರು ಊಟದ ಕೋಣೆಯಲ್ಲಿ ಕೂರುವಂತಿಲ್ಲ. ಹಾಗಾಗಿ ಅವಳು ಟೀ ಕೋಣೆಯಲ್ಲಿ ಹಾಲಿನ ಕ್ರೇಟು ಬೋರಲು ಹಾಕಿ ಕೂತು ಡಬ್ಬಿ ಬಿಚ್ಚುವಳು. ತಲೆಯ ಮೇಲೆ ಗೋಡೆಗೆ ಬ್ಯಾಂಕಿನದೇ ಒಂದು ದೊಡ್ಡ ಪಟ. ಹಲ್ಲು ಬಿಟ್ಟು ನಗುವ ಹತ್ತಾರು ಮುಖ, ಕೆಳಗೆ ದಪ್ಪಕ್ಷರದಲ್ಲಿ "ನಾವೆಲ್ಲ ಒಂದೇ ಕುಟುಂಬ". ಊಟದ ಕೋಣೆಯಲ್ಲಿ ಹಾಕಲು ಜಾಗ ಸಾಲದೆ ಇಲ್ಲಿಗೆ ತಂದು ಹಾಕಿದ್ದರು.

ಅವಳಿಗೆ ಅದರ ಬಗ್ಗೆ ಮುನಿಸೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಎರಡು ವರ್ಷ. ಗಂಡ ಸಿಟಿ ಬಸ್ಸು ಓಡಿಸುತ್ತಿದ್ದವನು, ಕಣ್ಣು ಮಂಜಾಗಿ ಮನೆಯಲ್ಲಿ ಕೂತಿದ್ದ. ಮಗಳು ನರ್ಸಿಂಗ್ ಓದುತ್ತಿದ್ದಳು, ಮುಗಿಯಲು ಇನ್ನೆರಡು ವರ್ಷ. ಅಲ್ಲಿಯವರೆಗೆ ಈ ಹಳದಿ ಪಟ್ಟಿ ಕೊರಳಲ್ಲಿರಬೇಕು. ಆಮೇಲೆ ಬೇಕಾದರೆ ಅದನ್ನು ಅವರೇ ಇಟ್ಟುಕೊಳ್ಳಲಿ. ಪ್ರತಿ ವರ್ಷ ಗುತ್ತಿಗೆ ಮುಗಿಯುವ ತಿಂಗಳು ಬಂತೆಂದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಬ್ಯಾಂಕಿನ ಮೇಲಿನವರು ಎಲ್ಲ ನೌಕರರೂ ಕಂಪ್ಯೂಟರಿನಲ್ಲಿ ಒಂದು ಪಾಠ ಓದಿ ಪರೀಕ್ಷೆ ಪಾಸಾಗಬೇಕೆಂದು ಕಟ್ಟಪ್ಪಣೆ ಮಾಡಿದರು. ಪ್ರಾಮಾಣಿಕತೆಯ ಪಾಠ. ಎಂಟು ಅಧ್ಯಾಯ, ಕೊನೆಗೆ ಇಪ್ಪತ್ತು ಪ್ರಶ್ನೆ. ಯಾರೂ ಓದುವುದಿಲ್ಲವೆಂದು ಮಾಡಿದವರಿಗೂ ಗೊತ್ತಿತ್ತೋ ಏನೋ, ಅದಕ್ಕೊಂದು ಕಾವಲು ಇಟ್ಟಿದ್ದರು. ಒಂದು ಪುಟ ಇಷ್ಟು ಹೊತ್ತು ಆಗುವ ತನಕ ಮುಂದಿನದು ತೆರೆಯದು. ಹಾಗೆಂದು ಎದ್ದು ಹೋದರೆ, ಕಾಲು ಗಂಟೆ ಯಾರೂ ಮುಟ್ಟದಿದ್ದರೆ, ಮೊದಲ ಪುಟಕ್ಕೆ ಓಡಿಬಿಡುವುದು. ಎಂದರೆ ಒಂದು ಜೀವ ಅದರ ಮುಂದೆ ಕೂತಿರಲೇಬೇಕು.

ಕಿಟಕಿ ಪಕ್ಕದಲ್ಲಿ ಕೂರುವ ಒಬ್ಬ ಅಧಿಕಾರಿಗೆ ಟೀ ಅಕ್ಕ ಮನಸ್ಸಿನಲ್ಲೇ ಹೆಡ್‌ಫೋನ್ ಸರ್ ಎಂದು ಹೆಸರಿಟ್ಟಿದ್ದಳು. ಆ ಮನುಷ್ಯ ಮುಖ ತೊಳೆಯಲು ಹೋದಾಗಲೂ ಅದನ್ನು ತೆಗೆದವನಲ್ಲ. ಒಂದು ಮಧ್ಯಾಹ್ನ, ಟೀಗೆ ಬಿಡುವಿದ್ದ ಹೊತ್ತಿನಲ್ಲಿ, ಅವನು ಟೀ ಕೋಣೆಗೆ ಬಂದ.

"ಅಕ್ಕ, ಒಂದು ಉಪಕಾರ ಆಗಬೇಕಿತ್ತು. ನನ್ನ ಕುರ್ಚಿಯಲ್ಲಿ ಸ್ವಲ್ಪ ಕೂತು ಈ ಬಾಣದ ಗುರುತು ಒತ್ತುತ್ತಾ ಇರ್ತೀರಾ? ನನಗೆ ಮೀಟಿಂಗ್ ಇದೆ."

"ನನಗೆ ಕಂಪ್ಯೂಟರ್ ಬರಲ್ಲ ಸರ್."

"ಲಿಫ್ಟ್ ಗುಂಡಿ ಒತ್ತೋಕೆ ಬರುತ್ತಲ್ಲ? ಅಷ್ಟೇ."

ಕೈ ತುಂಬ ಸಾಮಾನು ಹಿಡಿದವರಿಗೆ ಲಿಫ್ಟ್ ಗುಂಡಿ ಒತ್ತಿಕೊಡುವುದು ಅವಳಿಗೆ ರೂಢಿಯೇ. ಹೋಗಿ ಕೂತಳು. ಕುರ್ಚಿ ಗಿರಕ್ಕನೆ ತಿರುಗಿತು. ಮೇಜು ಹಿಡಿದು ನಿಲ್ಲಿಸಿಕೊಂಡಳು. ಪರದೆಯ ಮೇಲಿನ ಮೂಲೆಯಲ್ಲಿ ಭಾಷೆ ಆರಿಸುವ ಗುಂಡಿಯಿತ್ತು. ಅರವತ್ತು ದೇಶದ ಭಾಷೆಗಳ ಉದ್ದ ಪಟ್ಟಿಯಲ್ಲಿ ತನ್ನ ಅಕ್ಷರ ಕಂಡು ಅವಳಿಗೆ ಪರಸ್ಥಳದಲ್ಲಿ ತವರಿನವರು ಸಿಕ್ಕಂತಾಯಿತು. ಅದನ್ನೇ ಒತ್ತಿದಳು.

ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು. ತುಟಿ ಆಡಿಸುತ್ತ, ಪರದೆಯ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದುವಳು. ಬಾಣ ಒತ್ತು ಎಂದಿದ್ದನೇ ಹೊರತು ಓದಬೇಡ ಎಂದಿರಲಿಲ್ಲ. ಮೂರನೇ ಅಧ್ಯಾಯದಲ್ಲಿ ಹೀಗೊಂದು ಸಾಲು ಬಂತು. "ನಿಮ್ಮ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ನಿಮ್ಮ ಬದಲು ಬೇರೆಯವರನ್ನು ಕಂಪ್ಯೂಟರಿನ ಮುಂದೆ ಕೂರಿಸಬೇಡಿ." ಎದ್ದು ನೇರ ಮೀಟಿಂಗ್ ಕೋಣೆಗೆ ಹೋಗಿ ಗಾಜಿನ ಮೇಲೆ ಬೆರಳಲ್ಲಿ ತಟ್ಟಿದಳು. ಹೆಡ್‌ಫೋನ್ ಸರ್ ಒಂದು ಕಿವಿ ಬಿಡಿಸಿಕೊಂಡು ಹೊರಗೆ ಬಂದ.

"ಸರ್, ಬೇರೆಯವರನ್ನ ಕೂರಿಸಬಾರದು ಅಂತ ಅದರಲ್ಲೇ ಬರೆದಿದೆ."

"ಹೌದಾ? ಒಳ್ಳೆ ಪಾಠ. ಮುಂದಿನ ಪುಟ ಒತ್ತಿ."

ಹೇಳುವುದು ಅವಳ ಕೆಲಸ, ಹೇಳಿದ್ದಳು. ಮತ್ತೆ ಹೋಗಿ ಕೂತಳು.

ಕೊನೆಗೆ ಪ್ರಶ್ನೆಗಳು ಬಂದವು. ಹದಿನಾರು ಸರಿಯಾದವು. ಹದಿನೇಳನೆಯದು ಹೀಗಿತ್ತು: ನಿಮ್ಮ ಮೇಲಧಿಕಾರಿ ನಿಯಮ ಮೀರುವುದನ್ನು ಕಂಡರೆ ನೀವು ಮೊದಲು ಏನು ಮಾಡುತ್ತೀರಿ? ಗುಟ್ಟಿನ ದೂರಿನ ನಂಬರಿಗೆ ಫೋನ್ ಮಾಡುತ್ತೀರಾ, ಸುಮ್ಮನಿರುತ್ತೀರಾ, ಅವರಿಗೇ ಎದುರು ನಿಂತು ಹೇಳುತ್ತೀರಾ, ಜೊತೆಯವರ ಹತ್ತಿರ ಮಾತಾಡುತ್ತೀರಾ? ಟೀ ಅಕ್ಕ ಎರಡು ಸಲ ಓದಿ ಮೂರನೆಯದನ್ನು ಒತ್ತಿದಳು. ಪರದೆ ಕೆಂಪಾಯಿತು. ತಪ್ಪು, ಫೋನ್ ಮಾಡಬೇಕಿತ್ತು. ಉಳಿದ ಮೂರೂ ಸರಿ. ಇಪ್ಪತ್ತಕ್ಕೆ ಹತ್ತೊಂಬತ್ತು. ಹೆಡ್‌ಫೋನ್ ಸರ್ ಹೆಸರಿಗೆ ಬಂಗಾರದ ಅಂಚಿನ ಪ್ರಮಾಣಪತ್ರ ಬಂತು.

ಸುದ್ದಿ ಮಹಡಿಯೆಲ್ಲ ಹಬ್ಬಲು ಒಂದು ಟೀ ಹೊತ್ತು ಸಾಕಾಯಿತು. ಮರುದಿನ ಇನ್ನೊಬ್ಬರು ಕರೆದರು, ಅದರ ಮರುದಿನ ಮತ್ತೊಬ್ಬರು. ಮಧ್ಯಾಹ್ನ ಎರಡರಿಂದ ನಾಲ್ಕು, ದಿನಕ್ಕೊಂದು ಕುರ್ಚಿ. ಕೊನೆಯ ದಿನ ಮಹಡಿಗೇ ದೊಡ್ಡವರಾದ ಸಾಹೇಬರು ತಾವೇ ಎದ್ದು ತಮ್ಮ ಚರ್ಮದ ಕುರ್ಚಿ ಬಿಟ್ಟುಕೊಟ್ಟರು. ಅವರಿಗೂ ಅವಳು ಮೂರನೇ ಅಧ್ಯಾಯದ ಮಾತು ಹೇಳಿದಳು. "ಬರೀ ಗುಂಡಿ ಒತ್ತೋದಕ್ಕೆ ಯಾಕಕ್ಕ ಅಷ್ಟೆಲ್ಲ ತಲೆ ಕೆಡಿಸ್ಕೋತೀರಾ" ಎಂದು ಅವರು ನಕ್ಕರು.

ನಲವತ್ತೆರಡು ಮಧ್ಯಾಹ್ನ ಅವಳು ಅದೇ ಪಾಠವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ಪ್ರತಿ ದಿನ ಹೆಸರು ಬೇರೆ, ಅವರವರ ಪಾಲಿನದು ಅವರವರಿಗೆ ಓದಲೇಬೇಕಲ್ಲ. ಹದಿನೇಳನೇ ಪ್ರಶ್ನೆಗೆ ನಲವತ್ತೆರಡು ಸಲವೂ ಮೂರನೆಯದನ್ನೇ ಒತ್ತಿದಳು. ಒಂದು ದಿನ ಮಗಳು ಹೇಳಿಯೂ ಹೇಳಿದಳು.

"ಅಮ್ಮ, ಮೊದಲನೇದು ಸರಿ ಅಂತ ಗೊತ್ತಾಯ್ತಲ್ಲ, ಅದನ್ನ ಒತ್ತಿದ್ರೆ ಪೂರ್ತಿ ಮಾರ್ಕ್ಸು ಬರುತ್ತೆ."

"ಅದು ಸರಿ ಯಾವುದು ಅಂತ ಕೇಳಿಲ್ಲ ಕಣೇ. ನೀವು ಏನು ಮಾಡ್ತೀರಿ ಅಂತ ಕೇಳಿದೆ. ನಾನು ಮಾಡೋದು ಅದನ್ನೇ."

"ಪರೀಕ್ಷೆ ನಿಂದಲ್ಲಮ್ಮ, ಅವರದ್ದು."

"ಓದಿದ್ದು ನಾನು ತಾನೆ?"



ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಏಳನೇ ಮಹಡಿಯಲ್ಲಿ ಒಂದೇ ಸಂಭ್ರಮ. ಅರವತ್ತು ದೇಶಗಳಲ್ಲಿ ಒಬ್ಬರೂ ಬಿಡದಂತೆ ಪಾಠ ಮುಗಿಸಿದ್ದು ಈ ಮಹಡಿ ಒಂದೇ ಅಂತೆ. ಅದರಲ್ಲೂ ಎಲ್ಲರೂ ತಾಯ್ನುಡಿಯಲ್ಲೇ ಓದಿದ್ದು ಜಗತ್ತಿನಲ್ಲಿ ಇಲ್ಲಿ ಮಾತ್ರ ಅಂತೆ. ಗಾಜಿನದೊಂದು ಫಲಕ ಬಂತು. ಮಹಡಿ ಸಾಹೇಬರು ಅದನ್ನು ಮಗುವಿನ ಹಾಗೆ ತೋಳಲ್ಲಿಟ್ಟುಕೊಂಡು, ಪ್ರಾಮಾಣಿಕತೆ ತಮಗೆ ಹೇಗೆ ತಾತನಿಂದ ಬಂತು ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಎಲ್ಲರೂ ಕೈ ತಟ್ಟಿದರು. ತಟ್ಟೆ ಹಿಡಿದು ನಿಂತಿದ್ದ ಟೀ ಅಕ್ಕನಿಗೂ ಖುಷಿಯಾಯಿತು. ಕೈ ಬಿಡುವಿರಲಿಲ್ಲವಾಗಿ ತಟ್ಟಲಿಲ್ಲ ಅಷ್ಟೇ.

ಫಲಕದ ಜೊತೆ ಬಹುಮಾನವೂ ಬಂದಿತ್ತು. ಆಳೆತ್ತರದ ಪೆಟ್ಟಿಗೆ. ಗುಂಡಿ ಒತ್ತಿದರೆ ಇಪ್ಪತ್ತನಾಲ್ಕು ಥರದ ಟೀ ಕಾಫಿ ಕೊಡುವ ಯಂತ್ರ.

ಆ ದಿನ ಸಂಜೆಯೇ ಗುತ್ತಿಗೆಯವನ ಫೋನ್ ಬಂತು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಮುಂದಿನ ಒಂದನೇ ತಾರೀಖಿಂದ ನಿಮ್ಮ ಕಾರ್ಡು ಗೇಟಲ್ಲಿ ಓಡಲ್ಲ. ಮಿಷಿನ್ ಬಂದಿದೆಯಲ್ಲ. ನಾನಾದರೂ ಏನು ಮಾಡ್ಲಿ?"

ಮನೆಗೆ ಬಂದು ಅವಳು ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. ಗಂಡ ಎಲ್ಲ ಕೇಳಿ ತಲೆ ಆಡಿಸಿದ.

"ಅಂದ್ರೆ ನೀನು ಕೂತು ಅವರಿಗೆ ಬಹುಮಾನ ಗೆದ್ದುಕೊಟ್ಟೆ, ಆ ಬಹುಮಾನ ಬಂದು ನಿನ್ನ ಕುತ್ತಿಗೆ ಹಿಡಿದು ಆಚೆ ದಬ್ಬಿತು. ಭೇಷ್! ನಾನು ಬಸ್ಸಲ್ಲಿ ಎಷ್ಟೋ ಮಂದಿ ಪೆದ್ದರನ್ನ ನೋಡಿದೀನಿ, ಟಿಕೆಟ್ ತಗೊಂಡು ಇಳಿದು ಬಸ್ಸು ತಳ್ಳಿದೋರನ್ನ ನೋಡಿರಲಿಲ್ಲ."

"ನಗಬೇಡಿ ರೀ. ಹುಡುಗಿ ಓದು ಎರಡು ವರ್ಷ ಇದೆ."

ಅವನು ನಗುವುದನ್ನು ನಿಲ್ಲಿಸಿದ. ಮಂಜುಗಣ್ಣಲ್ಲಿ ಗೋಡೆ ತಡವುತ್ತ ಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟ.

ಯಂತ್ರದ ಪೆಟ್ಟಿಗೆ ಬಿಚ್ಚುವ ಮೊದಲೇ ಇನ್ನೊಂದು ಕಥೆ ಶುರುವಾಯಿತು. ಯಾವುದೋ ದೇಶದಲ್ಲಿ ಕೂತು ಎಲ್ಲರ ಉತ್ತರ ಎಣಿಸುವವನೊಬ್ಬನ ಕಣ್ಣಿಗೆ ಬಿತ್ತಂತೆ. ಈ ಮಹಡಿಯ ನಲವತ್ತೆರಡು ಜನಕ್ಕೂ ಹತ್ತೊಂಬತ್ತೇ ಮಾರ್ಕು, ತಪ್ಪಾದದ್ದು ನಲವತ್ತೆರಡು ಜನಕ್ಕೂ ಹದಿನೇಳನೆಯದೇ, ಒತ್ತಿದ್ದೂ ಒಂದೇ ಉತ್ತರ. ಒಬ್ಬರೇ ಹೆತ್ತ ಮಕ್ಕಳೂ ಹೀಗೆ ಉತ್ತರ ಬರೆಯಲಾರರು. ದೊಡ್ಡ ಕಚೇರಿಯಿಂದ ತನಿಖೆಗೆ ಒಬ್ಬ ಮೇಡಂ ಬಂದಿಳಿದರು. ಬೆಳ್ಳಿ ಕೂದಲು, ಚಪ್ಪಟೆ ಚಪ್ಪಲಿ, ಕೈಯಲ್ಲಿ ಒಂದೇ ಒಂದು ತೆಳು ಫೈಲು.

ತನಿಖೆ ಮೇಡಂ ಗಾಜಿನ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆಸಿದರು. ಟೀ ಅಕ್ಕ ತಟ್ಟೆ ತಂದಾಗ ಹೆಡ್‌ಫೋನ್ ಸರ್ ಸರದಿ. ಹೆಡ್‌ಫೋನ್ ಇಲ್ಲದ ಅವನ ಕಿವಿಗಳು ಬೇರೆ ಯಾರದೋ ಕಿವಿಗಳ ಹಾಗೆ ಕಾಣುತ್ತಿದ್ದವು.

"ಮೇಲಧಿಕಾರಿ ತಪ್ಪು ಮಾಡಿದ್ರೆ ಮೊದಲು ಏನು ಮಾಡ್ತೀರಿ?" ಮೇಡಂ ಕೇಳಿದರು.

"ಗುಟ್ಟಿನ ನಂಬರಿಗೆ ಫೋನ್ ಮಾಡ್ತೀನಿ ಮೇಡಂ," ಎಂದ ಅವನು ಗಿಳಿಯ ಹಾಗೆ. ಬೆಳಗ್ಗೆಯೇ ಎಲ್ಲರಿಗೂ ಸರಿಯುತ್ತರದ ಚೀಟಿ ಹಂಚಿಯಾಗಿತ್ತು.

"ಒಳ್ಳೇದು. ಮತ್ತೆ ಪರೀಕ್ಷೆಯಲ್ಲಿ ಅವರಿಗೇ ಎದುರು ನಿಂತು ಹೇಳ್ತೀನಿ ಅಂತ ಯಾಕೆ ಒತ್ತಿದ್ರಿ?"

ಅವನು ಬರಿಗಿವಿ ಮುಟ್ಟಿಕೊಂಡ. "ಆವತ್ತು... ಆವತ್ತು ಸ್ವಲ್ಪ ಧೈರ್ಯ ಜಾಸ್ತಿ ಇತ್ತು ಮೇಡಂ."

"ನಲವತ್ತೆರಡು ಜನಕ್ಕೂ?"

ಟೀ ಅಕ್ಕ ಲೋಟ ಇಟ್ಟು ಹೊರಗೆ ಬಂದಳು.

ಸ್ವಲ್ಪ ಹೊತ್ತಿಗೆ ಟೀ ಕೋಣೆಯ ಬಾಗಿಲಲ್ಲಿ ಮಹಡಿ ಸಾಹೇಬರು. ಹನ್ನೊಂದು ವರ್ಷದಲ್ಲಿ ಅವರು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಲೆಗೂ ಸಿಂಕಿಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ನಿಂತರು.

"ಅಕ್ಕ, ನೀವು ನಮ್ಮ ಮನೆಯವರ ಥರ."

"ಹೇಳಿ ಸರ್."

"ಆ ಮೇಡಂ ನಿಮ್ಮನ್ನೇನಾದರೂ ಕೇಳಿದ್ರೆ, ನನಗೆ ಟೀ ಮಾಡೋದು ಬಿಟ್ಟು ಬೇರೇನೂ ಗೊತ್ತಿಲ್ಲ ಅಂದುಬಿಡಿ. ಆ ಮಿಷಿನ್ನು ಪೆಟ್ಟಿಗೆಯಲ್ಲೇ ಇರುತ್ತೆ. ನಿಮ್ಮ ಕಾರ್ಡು ನಾನು ನೋಡ್ಕೋತೀನಿ. ಮಗಳು ಓದ್ತಿದಾಳಲ್ಲ, ಏನು, ಟೀಚರ್ ಕೋರ್ಸಾ?"

"ನರ್ಸಿಂಗ್ ಸರ್."

"ಅದೇ. ಯೋಚನೆ ಮಾಡಿ."

ಅವಳು ಆ ದಿನವೆಲ್ಲ ಯೋಚನೆ ಮಾಡಿದಳು. ಪಾತ್ರೆ ತಿಕ್ಕುವಾಗ ಮಗಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಟೀ ಮಾಡೋದು ಬಿಟ್ಟು ಏನೂ ಗೊತ್ತಿಲ್ಲ. ಒಂದೇ ಒಂದು ಮಾತು, ಎರಡು ವರ್ಷ ದಕ್ಕುತ್ತದೆ. ಮನೆಯಲ್ಲಿ ಗಂಡನ ಮುಂದೆ ಇಟ್ಟಳು. ಅವನು, "ನನ್ನ ಕೇಳಿದ್ರೆ ಹೇಳಬೇಡ ಅಂತೀನಿ" ಎಂದ. ಆಮೇಲೆ, "ನಿನ್ನ ಕೈಲಿ ಅದು ಆಗಲ್ಲ ಅಂತಲೂ ಗೊತ್ತು. ತನ್ನ ಅಡುಗೆ ಚೆನ್ನಾಗಿದೆಯಾ ಅಂತ ನಮ್ಮಕ್ಕ ಕೇಳಿದಾಗ್ಲೇ ಹೌದು ಅನ್ನೋಕೆ ನಿನ್ನ ಕೈಲಿ ಆಗಲಿಲ್ಲ, ಮೂರು ವರ್ಷ ಮಾತು ಬಿಟ್ಟಿದ್ಲು" ಎಂದ.

ಮರುದಿನ ಬೆಳಗ್ಗೆ ಅವಳು ಮೊದಲ ಟೀ ಮಹಡಿ ಸಾಹೇಬರ ಕೋಣೆಗೇ ಒಯ್ದಳು. ಲೋಟ ಇಟ್ಟು ಹೊರಡಲಿಲ್ಲ, ನಿಂತಳು.

"ಸರ್, ಮೇಡಂ ಕೇಳಿದ್ರೆ ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆಮೇಲೆ ಗೊತ್ತಾಗೋದು ಬೇಡ, ಮುಂಚೇನೇ ನಿಮಗೆ ಹೇಳಿರೋಣ ಅಂತ ಬಂದೆ."

ಸಾಹೇಬರ ಮುಖ ಸುಣ್ಣದ ಗೋಡೆಯಾಯಿತು. "ಮಿಷಿನ್ನು ನಾಳೆನೇ ಬಿಚ್ಚಿಸ್ತೀನಿ," ಎಂದರು.

"ಆಯ್ತು ಸರ್," ಎಂದಳು. ಬಾಗಿಲು ದಾಟುವಾಗ ತಟ್ಟೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತನಿಖೆ ಮೇಡಂ ಬಹಳ ಹೊತ್ತು ಕಾಯಿಸಲಿಲ್ಲ. ಹನ್ನೊಂದು ಗಂಟೆಗೆ ತಾವೇ ನೀರು ಹುಡುಕಿಕೊಂಡು ಟೀ ಕೋಣೆಗೆ ಬಂದರು. ಕ್ರೇಟಿನ ಮೇಲೆ ಕೂತು ಫೈಲು ತೆರೆದರು.

"ಅಕ್ಕ, ಈ ಪಾಠ ಅಷ್ಟೂ ಜನ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೇ ಓದಿದಾರೆ. ದಿನಕ್ಕೆ ಒಬ್ಬೊಬ್ಬರೇ. ಒಂದು ನಿಮಿಷದ ಪುಟಕ್ಕೆ ಐದು ನಿಮಿಷ ತಗೊಂಡಿದಾರೆ. ಒಂದು ಸಾಲೂ ಬಿಟ್ಟಿಲ್ಲ. ಈ ಮಹಡಿಯಲ್ಲಿ ಅಷ್ಟು ತಾಳ್ಮೆ ಇರೋರು ಯಾರು ಅಂತ ಎರಡು ದಿನದಿಂದ ಹುಡುಕ್ತಾ ಇದೀನಿ."

ಟೀ ಅಕ್ಕ ಕೈ ಒರೆಸಿಕೊಂಡಳು. "ನಾನೇ ಮೇಡಂ."

"ಎಲ್ಲರದ್ದೂ?"

"ನಲವತ್ತೆರಡು ಜನರದ್ದೂ. ಮೂರನೇ ಅಧ್ಯಾಯ ಬಂದಾಗ ಬೇರೆಯವರನ್ನ ಕೂರಿಸಬಾರದಂತೆ ಅಂತ ಒಬ್ಬೊಬ್ಬರಿಗೂ ಹೇಳಿದೀನಿ. ನಲವತ್ತೆರಡು ಸಲ."

"ಅವರು ಏನಂದ್ರು?"

"ಮುಂದಿನ ಪುಟ ಒತ್ತಿ ಅಂದ್ರು."

ಮೇಡಂ ನೀರು ಗುಟುಕರಿಸುತ್ತಿದ್ದವರು ಕೆಮ್ಮಿದರು. ಕೆಮ್ಮೋ ನಗುವೋ ತಿಳಿಯಲಿಲ್ಲ. ಆಮೇಲೆ ಅವಳ ಕೊರಳ ಹಳದಿ ಪಟ್ಟಿ ನೋಡಿದರು. ನಗು ಅಲ್ಲೇ ನಿಂತಿತು. ಫೈಲು ಮುಚ್ಚಿ ದಡಬಡ ಎದ್ದು ಹೋದರು.

ಮಧ್ಯಾಹ್ನದ ಹೊತ್ತಿಗೆ ಗಾಜಿನ ಕೋಣೆಯಲ್ಲಿ ನಾಲ್ಕು ಜನ: ತನಿಖೆ ಮೇಡಂ, ಮಹಡಿ ಸಾಹೇಬರು, ಕಾನೂನಿನ ಸರ್, ಸಿಬ್ಬಂದಿ ವಿಭಾಗದ ಮೇಡಂ. ಟೀ ಅಕ್ಕ ಎರಡು ಸಲ ಲೋಟ ತುಂಬಿಸಿದಳು. ಅವಳ ವಿಚಾರವನ್ನೇ ಅವಳ ಮುಂದೆಯೇ, ಅವಳು ಅಲ್ಲಿಲ್ಲವೆಂಬಂತೆ ಮಾತಾಡುತ್ತಿದ್ದರು. ಹಾಗಾಗಿ ಅವಳಿಗೆ ಎಲ್ಲ ತಿಳಿಯಿತು.

ನೀಲಿ ಪಟ್ಟಿಯವರು ಇನ್ನೊಬ್ಬರ ಪಾಠ ಓದಿದ್ದರೆ ಅದು ಮನೆಯೊಳಗಿನ ತಪ್ಪು. ಒಂದು ಪುಟ ಬರೆದು, ಇನ್ನೊಮ್ಮೆ ಪರೀಕ್ಷೆ ಕೊಟ್ಟು, ಮುಗಿಸಬಹುದು. ಹಳದಿ ಪಟ್ಟಿಯವರು ಓದಿದ್ದರೆ ಹೊರಗಿನವರು ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿದ ಹಾಗೆ. ಅರವತ್ತು ದೇಶಕ್ಕೂ ಹೇಳಬೇಕು, ಸರಕಾರಕ್ಕೂ ಹೇಳಬೇಕು. ಫಲಕ ಹೋಗುತ್ತದೆ, ಫಲಕ ಹಿಡಿದವರೂ ಹೋಗುತ್ತಾರೆ.

"ಆಕೆ ನಮ್ಮವರಾ, ಹೊರಗಿನವರಾ? ನಾಲ್ಕು ಗಂಟೆಯೊಳಗೆ ನನಗೆ ಕಾಗದದ ಮೇಲೆ ಬೇಕು," ಎಂದು ತನಿಖೆ ಮೇಡಂ ಗಡಿಯಾರ ನೋಡಿದರು. ಅವರು ನೋಡಿದ್ದು ತಮ್ಮ ಕೈ ಗಡಿಯಾರ, ಪುಣ್ಯ.

ಹನ್ನೊಂದು ವರ್ಷ ಒಂದು ಕುರ್ಚಿ ಕೊಡಲು ಜಾಗವಿಲ್ಲದ ಬ್ಯಾಂಕು ಒಂದೂವರೆ ಗಂಟೆಯಲ್ಲಿ ಅವಳಿಗೆ ನೌಕರಿ ಹುಟ್ಟಿಸಿತು. ಮೂರು ಗಂಟೆ ಹತ್ತು ನಿಮಿಷಕ್ಕೆ, ತನಿಖೆ ಮೇಡಂ ಆಚೆ ಹೋಗಿದ್ದಾಗ, ಉಳಿದ ಮೂವರು ಅವಳನ್ನು ಒಳಗೆ ಕರೆದು, ಕೂರಿ ಎಂದರು. ಮುಂದೆ ಎರಡು ಹಾಳೆ. ಕಚೇರಿ ಸಹಾಯಕಿ ಹುದ್ದೆ, ತಿಂಗಳ ಸಂಬಳ, ರಜೆ, ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು. ಕೊನೆಯಲ್ಲಿ "ಸೇವೆಗೆ ಸೇರಿದ ದಿನಾಂಕ" ಎಂದು ಬರೆದು ಪಕ್ಕದಲ್ಲಿ ಖಾಲಿ ಬಿಟ್ಟಿದ್ದರು.

"ಇಲ್ಲಿ ಹೋದ ವರ್ಷದ ಮೊದಲನೇ ತಾರೀಖು ನಿಮ್ಮ ಕೈಯಲ್ಲೇ ಬರೆದುಬಿಡಿ. ಪಾಠ ಓದಿದಾಗ ನೀವು ನಮ್ಮವರೇ ಆಗಿದ್ರಿ ಅಂತಾಗಬೇಕಲ್ಲ," ಎಂದರು ಕಾನೂನಿನ ಸರ್, ಪೆನ್ನು ಮುಂದೆ ತಳ್ಳುತ್ತ.

"ನೀವೇ ಬರೆದುಕೊಡಿ ಸರ್, ನನ್ನ ಅಕ್ಷರ ಚೆನ್ನಾಗಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ತಾರೀಖು ತಮ್ಮ ಕೈಬರಹದಲ್ಲಿ ಇರುವುದು ಮೂವರಿಗೂ ಬೇಡವಾಗಿತ್ತು. "ಇಲ್ಲ ಇಲ್ಲ, ನೌಕರರೇ ಬರೀಬೇಕು. ನಿಯಮ," ಎಂದರು ಸಿಬ್ಬಂದಿ ಮೇಡಂ.

"ಹೋದ ವರ್ಷ ನಾನು ಗುತ್ತಿಗೆಯಲ್ಲಿದ್ದೆ ಮೇಡಂ. ಆಗದೇ ಇದ್ದದ್ದಕ್ಕೆ ಹಿಂದಿನ ತಾರೀಖು ಹಾಕೋದು ತಪ್ಪು ಅಂತ ಆರನೇ ಅಧ್ಯಾಯದಲ್ಲಿದೆ."

ಕಾನೂನಿನ ಸರ್ ಕಣ್ಣು ಬಾಯಿ ಬಿಟ್ಟು ನೋಡಿದರು. ಆರನೇ ಅಧ್ಯಾಯ ಎಂದೊಂದು ಇದೆ ಎಂಬುದೇ ಅವರಿಗೆ ಆವತ್ತು ತಿಳಿದದ್ದು.

"ಅಕ್ಕ," ಎಂದರು ಮಹಡಿ ಸಾಹೇಬರು ಬೆವರು ಒರೆಸಿಕೊಳ್ಳುತ್ತ, "ಅಧ್ಯಾಯ ಆಮೇಲೆ ಓದೋಣ. ಇದು ನಿಮ್ಮ ಮಗಳ ವಿಚಾರ. ಬರೀರಿ."

ಟೀ ಅಕ್ಕ ಹಾಳೆ ತನ್ನ ಕಡೆ ಎಳೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಬೆರಳು ಒಂದೊಂದೇ ಪದದ ಕೆಳಗೆ ಸರಿಯುತ್ತಿತ್ತು. ಮೂರೂವರೆಯಾಯಿತು. ಸಾಹೇಬರು ಮೇಜಿನ ಕೆಳಗೆ ಕಾಲು ಕುಣಿಸಿದರು. ಸಿಬ್ಬಂದಿ ಮೇಡಂ ಫೋನ್ ನೋಡಿದರು. ಕಾನೂನಿನ ಸರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಮೂರು ಮುಕ್ಕಾಲಿಗೆ ಎರಡನೇ ಹಾಳೆಯ ಕೊನೆ ಬಂತು. ಅಲ್ಲಿ ಅವಳ ಕೈ ನಿಂತಿತು. ಹೋದ ವರ್ಷದ ತಾರೀಖು ಬರೆದರೆ ಮಗಳ ಎರಡು ವರ್ಷ ದಕ್ಕುತ್ತದೆ. ಬರೆಯದಿದ್ದರೆ ಇವರು ಹಾಳೆ ಹರಿದು ಬಿಸಾಡುತ್ತಾರೆ. ಅವಳು ಪೆನ್ನು ತೆಗೆದುಕೊಂಡು, ತನ್ನ ದಪ್ಪ ಅಕ್ಷರದಲ್ಲಿ, ಅಂಕಿ ಅಂಕಿಯಾಗಿ, ಆ ದಿನದ ತಾರೀಖು ಬರೆದಳು. ಕೆಳಗೆ ಸಹಿ ಹಾಕಿ ಹಾಳೆಯನ್ನು ಮೇಜಿನ ನಡುವೆ ಅವರ ಕಡೆಗೆ ತಿರುಗಿಸಿ ಇಟ್ಟಳು.

"ಬರೆದಿದ್ದೀನಿ ಸರ್. ಒಂದು ಸಲ ನೋಡಿಬಿಡಿ."

"ನೋಡೋದೇನು ಬಂತು, ಹೊತ್ತಾಯ್ತು!" ಸಾಹೇಬರು ಹಾಳೆ ಕಿತ್ತುಕೊಂಡು ಸಹಿ ಗೀಚಿದರು. ಸಿಬ್ಬಂದಿ ಮೇಡಂ, ಸಾಹೇಬರು ಹಾಕಿದ್ದಾರಲ್ಲ ಎಂದು ಹಾಕಿದರು. ಕಾನೂನಿನ ಸರ್, ಇಬ್ಬರು ಹಾಕಿದ್ದಾರಲ್ಲ ಎಂದು ಹಾಕಿದರು. ಮೂವರ ಸಹಿಯ ಪಕ್ಕದಲ್ಲೂ "ಓದಿ ಒಪ್ಪಿದೆ" ಎಂಬ ಮುದ್ರೆ ಬಿತ್ತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಾಳೆ ತನಿಖೆ ಮೇಡಂ ಕೈ ಸೇರಿತು. ಕೆಳಗೆ ಅವರಿಗಾಗಿ ಕಾರು ಕಾದಿತ್ತು, ಅಲ್ಲಿಂದ ವಿಮಾನ ಹಿಡಿಯಬೇಕಿತ್ತು. "ಮೂವರೂ ಓದಿದೀರಲ್ಲ?" ಎಂದರು. ಮೂವರೂ ತಲೆ ಆಡಿಸಿದರು. ಅವರೂ ಸಹಿ ಹಾಕಿ ಮುದ್ರೆ ಒತ್ತಿಸಿಕೊಂಡು ಹೊರಟುಹೋದರು.

ಆ ಸಂಜೆ ಟೀ ಅಕ್ಕ ನೀಲಿ ಪಟ್ಟಿಯ ಕಾರ್ಡನ್ನೂ ತನ್ನ ಪಾಲಿನ ನಕಲನ್ನೂ ಮನೆಗೆ ತಂದು ಗಂಡನಿಗೂ ಮಗಳಿಗೂ ಪೂರ್ತಿ ಓದಿ ಹೇಳಿದಳು. ಮಗಳು ತಾರೀಖು ನೋಡಿ ಬೆಚ್ಚಿಬಿದ್ದಳು. ಗಂಡ ಇನ್ನೊಮ್ಮೆ ಓದಿಸಿ ಕೇಳಿಸಿಕೊಂಡ.

"ನಾಲ್ವರೂ ಓದದೇ ಸಹಿ ಹಾಕಿದ್ರಾ?"

"ಹಾಕಿದ್ರು."

"ನೀನು ನೋಡಿ ಅಂತ ಹೇಳ್ದೆ?"

"ಅವರ ಮುಖದ ಮುಂದೆ ಇಟ್ಟು ಹೇಳ್ದೆ."

ಗಂಡ ನಕ್ಕು ನಕ್ಕು ಮಂಜುಗಣ್ಣು ಒರೆಸಿಕೊಂಡ. ಆಮೇಲೆ ನಗು ಇಳಿದು ದನಿ ಸಣ್ಣದಾಯಿತು.

"ಒಂದಲ್ಲ ಒಂದು ದಿನ ಯಾರಾದರೂ ಓದಿಬಿಟ್ರೆ ಏನೇ ಗತಿ?"

ಟೀ ಅಕ್ಕ ಹಾಳೆಯನ್ನು ಮಡಚದೆ, ಮುದುಡದೆ, ಮಗಳ ಪುಸ್ತಕದ ನಡುವೆ ಇಟ್ಟಳು.

"ಓದಲಿ ಬಿಡಿ. ಬರೆದಿರೋದು ನಿಜ ತಾನೆ."